ನೆಲಕ್ಕಂಟಿದ ಕಾರನ್ನು ವನಜಾಕ್ಷಿ ತೊಳೆದದ್ದು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ ನನ್ನ ಬ್ಯಾಟರಿ ಅಂಗಡಿ ಇದೆ. ಅದಕ್ಕೆ ಅಂಟಿಕೊಂಡಂತೆ ವನಜಾಕ್ಷಿಯ ವಾಟರ್ ಸರ್ವಿಸ್. ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡಿದವನು ನಾನು. ಹಾರ್ನ್ ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತೇನೆಂದು ಜಂಬ ಕೊಚ್ಚಿಕೊಂಡು ಬಂದವನು. ಅಂಥ ನಾನು ಒಂದು ಭಾನುವಾರ ಪಕ್ಕದ ಅಂಗಳದಲ್ಲಿ ಬಾಯಿ ಮುಚ್ಚಿಕೊಂಡು ಮೊಣಕಾಲೂರಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಾಚಿಕೆ ಸ್ವಲ್ಪ ಇದೆ, ಹೆಮ್ಮೆಯೇ ಜಾಸ್ತಿ.

ವನಜಾಕ್ಷಿ ಜಗಳೂರು ಕಡೆಯ ಹೆಣ್ಣುಮಗಳು. ಅಪ್ಪ ಹನುಮಣ್ಣನಿಗೆ ಅಲ್ಲಿ ನಾಲ್ಕು ಎಕರೆ ಬೆದ್ದಲು. ರಾಗಿ, ಹುರುಳಿ, ಒಂದಿಷ್ಟು ಕುರಿ. ಹತ್ತೊಂಬತ್ತು ವರ್ಷದ ಹಿಂದೆ ತಿಮ್ಮೇಶನನ್ನು ಮದುವೆಯಾಗಿ ಹೊನ್ನಾಳಿಗೆ ಬಂದಳು. ತಿಮ್ಮೇಶ ಈ ವಾಟರ್ ಸರ್ವಿಸ್ ಹಾಕಿದಾಗ ಅವಳ ಪಾಲಿಗೆ ಬಂದದ್ದು ಕಾಲ್ಚಾಪೆ ಒದರುವುದು, ಸೀಟು ಒರೆಸುವುದು ಇಂಥವು. ಹೋದ ಮುಂಗಾರಿನಲ್ಲಿ ಅವನು ಕೆಸರಾಗಿದ್ದ ರ‍್ಯಾಂಪಿನ ಮೇಲಿಂದ ಜಾರಿಬಿದ್ದು ಸೊಂಟ ಮುರಿದುಕೊಂಡ. ಒಳಗೆ ರಾಡು ಹಾಕಿದರು, ಕೈಗೆ ಕೋಲು ಬಂತು. ಮಾರನೆಯ ವಾರವೇ ವನಜಾಕ್ಷಿ ಸೀರೆ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ನೀರು ಚಿಮ್ಮಿಸುವ ಗನ್ ಹಿಡಿದು ನಿಂತಳು. ಬಸವಾಪಟ್ಟಣದ ಕಡೆಯಿಂದ ಬರುವ ಟ್ರ್ಯಾಕ್ಟರು, ಭತ್ತ ಕೊಯ್ಯುವ ಮೆಷಿನ್ನು, ಹಾಲಿನ ವ್ಯಾನು, ಎಲ್ಲವನ್ನೂ ಅವಳೇ ತೊಳೆದಳು.

ಆದರೂ ಬಂದವರು ಕೀಲಿಕೈ ಕೊಡುತ್ತಿದ್ದದ್ದು ಮಾತ್ರ ಕುರ್ಚಿಯಲ್ಲಿ ಕೂತ ತಿಮ್ಮೇಶನಿಗೆ. "ಅಡಿಗೆಲ್ಲ ಚೆನ್ನಾಗಿ ಹೊಡೀಬೇಕು ನೋಡಪ್ಪ" ಎಂದು ಅವನಿಗೇ ಹೇಳುವರು. ಹೊಡೆಯಬೇಕಾದವಳು ಮೂರು ಅಡಿ ದೂರದಲ್ಲಿ ಪೈಪು ಹಿಡಿದು ನಿಂತಿರುತ್ತಿದ್ದಳು. ಅವರು ಹೇಳಿದ್ದನ್ನೇ ತಿಮ್ಮೇಶ ಅವಳಿಗೆ ಇನ್ನೊಮ್ಮೆ ಹೇಳಬೇಕಿತ್ತು. ನೋಡಿದರೆ ನಗು ಬರುತ್ತಿತ್ತು. ನಗುತ್ತಿದ್ದವರಲ್ಲಿ ನಾನೂ ಒಬ್ಬ.

ಆ ಜಾಗ ಮರುಳಸಿದ್ದಪ್ಪನವರದು. ತಿಮ್ಮೇಶನ ಹೆಸರಿಗಿದ್ದ ಬಾಡಿಗೆ ಪತ್ರ ಶಿವರಾತ್ರಿಗೆ ಮುಗಿಯುವುದಿತ್ತು. ಚನ್ನಗಿರಿಯ ಒಬ್ಬಾತ ಅಲ್ಲಿ ಗಾಡಿಯನ್ನು ತಾನಾಗೇ ತೊಳೆಯುವ ಬ್ರಶ್ ಮೆಷಿನ್ ಹಾಕುತ್ತೇನೆ, ಜಾಗ ನನಗೆ ಕೊಡಿ ಎಂದು ಅವರ ಬೆನ್ನು ಬಿದ್ದಿದ್ದ. ಮರುಳಸಿದ್ದಪ್ಪ ಒಂದು ದಿನ ನನ್ನ ಅಂಗಡಿಗೆ ಬಂದು, "ಏನ್ ರಂಗ, ಆಕೆ ಇದನ್ನ ನಡೆಸ್ಕೊಂಡು ಹೋಗ್ತಾಳಾ?" ಎಂದು ಕೇಳಿದರು. ನಾನು ಎಲ್ಲ ತಿಳಿದವನಂತೆ, "ಟ್ರ್ಯಾಕ್ಟರಿನ ಕೆಸರು ತೊಳೀತಾಳ್ರಿ. ಒಳ್ಳೆ ಗಾಡಿ ಬಂದ್ರೆ ಕಷ್ಟ" ಎಂದುಬಿಟ್ಟೆ. ಅವಳ ಮೇಲೆ ನನಗೇನೂ ದ್ವೇಷವಿರಲಿಲ್ಲ. ಒಮ್ಮೆ ನಾಲ್ಕು ಜನರ ಎದುರಿಗೆ, "ಅಣ್ಣಾ, ಅರ್ಥಿಂಗ್ ವೈರು ಬಿಟ್ಟೀರಿ ನೋಡ್ರಿ" ಎಂದಿದ್ದಳು. ನಿಜಕ್ಕೂ ಬಿಟ್ಟಿದ್ದೆ. ಆ ಉರಿ ಹೊಟ್ಟೆಯಲ್ಲಿ ಉಳಿದಿತ್ತು.

"ಭಾನುವಾರ ಬರ್ತೀನಿ, ತೀರ್ಮಾನ ಹೇಳ್ತೀನಿ" ಎಂದು ಮರುಳಸಿದ್ದಪ್ಪ ತಿಮ್ಮೇಶನಿಗೆ ಹೇಳಿ ಕಳಿಸಿದರು. ಆ ವಾರವೆಲ್ಲ ಗಂಡ ಹೆಂಡತಿ ಸರಿಯಾಗಿ ಉಣ್ಣಲಿಲ್ಲ. ಮಗಳು ಆಶಾ ಕಾಲೇಜು ಓದುತ್ತಿದ್ದಳು. ಆ ಜಾಗ ಹೋದರೆ ಅವರ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ.

ಭಾನುವಾರ ಬಂತು. ಸಂಕ್ರಾಂತಿ ಕಳೆದು ಹತ್ತು ದಿನ ಆಗಿತ್ತೇನೋ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ರಸ್ತೆಯಲ್ಲಿ ಒಂದು ಗುಡುಗು ಕೇಳಿ ನಾನು ಸ್ಕ್ರೂಡ್ರೈವರ್ ಹಿಡಿದೇ ಹೊರಗೆ ಬಂದೆ. ಹಳದಿ ಬಣ್ಣದ ಎರಡೇ ಬಾಗಿಲಿನ ಕಾರು. ಮೈತುಂಬ ಕೆಂಧೂಳು. ಎಷ್ಟು ತಗ್ಗಾಗಿತ್ತೆಂದರೆ ಅದರ ನೆತ್ತಿ ನನ್ನ ಎದೆಗೂ ಬರುತ್ತಿರಲಿಲ್ಲ, ಹೊಟ್ಟೆಯಡಿ ಒಂದು ಚೊಂಬು ಇಡುವಷ್ಟೂ ಜಾಗವಿರಲಿಲ್ಲ. ಅದು ವನಜಾಕ್ಷಿಯ ಅಂಗಳಕ್ಕೆ ತಿರುಗಿ, ಅಲ್ಲಿದ್ದ ಸಣ್ಣ ಉಬ್ಬಿಗೆ ಹೆದರಿ ಅಡ್ಡಡ್ಡಲಾಗಿ ಹತ್ತಿ ನಿಂತಿತು.

ಇಳಿದವನು ಮೂವತ್ತರ ಹುಡುಗ, ಹೊಸಪೇಟೆಯ ಸುದೀಪ್ ನಾಯ್ಕ. ಕಲ್ಲು ಪುಡಿ ಮಾಡುವ ಯಂತ್ರಗಳ ವ್ಯಾಪಾರವಂತೆ. ಹೊಸ ಕಾರನ್ನು ಸೂರಗೊಂಡನಕೊಪ್ಪಕ್ಕೆ ಒಯ್ದು ಲಂಬಾಣಿಗರ ಗುರು ಸೇವಾಲಾಲರ ಸನ್ನಿಧಿಯಲ್ಲಿ ನಿಲ್ಲಿಸುವುದಾಗಿ ತಾಯಿಗೆ ಮಾತು ಕೊಟ್ಟಿದ್ದ. ತಾಯಿಯೂ ಜೊತೆಗೇ ಇದ್ದರು. ಅವರನ್ನು ಆ ಕಾರಿನಿಂದ ಇಳಿಸುವುದೇ ಒಂದು ದೊಡ್ಡ ಕೆಲಸವಾಯಿತು. ಮೊದಲು ಎರಡೂ ಕಾಲು ಹೊರಗೆ ಬಂದವು, ಆಮೇಲೆ ಕೈ ಬಂದವು, ಕೊನೆಗೆ ಮಗ ಒಂದು ಕಡೆ, ವನಜಾಕ್ಷಿ ಒಂದು ಕಡೆ ಹಿಡಿದು ಎಬ್ಬಿಸಿದರು. "ಬಾವಿಯಾಗಿಂದ ಎತ್ತಿದಂಗ ಎತ್ತಬೇಕು ನನ್ನ" ಎಂದು ಆ ತಾಯಿ ಮಗನನ್ನು ಬೈದರು.

ಐದು ನಿಮಿಷದಲ್ಲಿ ಅಲ್ಲಿ ಜನ ಸೇರಿತು. ಹೀಗೆ ತೊಳೆಯಬೇಕು, ಹಾಗೆ ತೊಳೆಯಬೇಕು ಎಂದು ಎಲ್ಲರೂ ಶುರುಮಾಡಿದರು. ಹಾಲಿನ ವ್ಯಾನಿನ ಅಂಜಿನಪ್ಪ, ಹಲಗೆ ಹಾಕಿ ರ‍್ಯಾಂಪ್ ಹತ್ತಿಸಿ ಎಂದ. ಬೇಕರಿಯ ಬಸವರಾಜ್, ತಲೆಗೆ ಹಾಕುವ ಶಾಂಪೂವೇ ಒಳ್ಳೆಯದು, ನುಣುಪು ಬರುತ್ತದೆ ಎಂದ. ಹೆಲ್ಮೆಟ್ಟು ಬಿಟ್ಟು ಬೇರೇನೂ ತೊಳೆಯದವನೊಬ್ಬ ಸೀಮೆಎಣ್ಣೆ ಎಂದ. ನಾನು ಸುಮ್ಮನಿರುತ್ತೇನೆಯೇ? "ಮೈ ಮುಟ್ಟಾಕೇ ಹೋಗಬಾರದು. ಫೋಮ್ ಹೊಡೆದು, ಪಕ್ಕದಿಂದ ಗನ್ ಬಿಟ್ರೆ ಅಡಿಗಿರೋ ಕಸಾನೂ ಹಾರಿಹೋಗ್ತೈತೆ" ಎಂದೆ.

ಸುದೀಪನಿಗೆ ನನ್ನ ಮಾತೇ ಹಿಡಿಸಿತು. ಅವನು ನೇರ ತಿಮ್ಮೇಶನ ಹತ್ತಿರ ಹೋಗಿ, "ಯಜಮಾನ್ರ, ಇವ್ರು ಹೇಳಿದ್ದ ಸರಿ ಐತಿ. ಕೈ ಹಚ್ಚಬ್ಯಾಡ್ರಿ. ಫೋಮ್, ಗನ್, ಅಷ್ಟ. ಹನ್ನೆರಡರೊಳಗ ನಾವು ಗುಡೀಗೆ ಹೋಗಬೇಕು" ಎಂದ.

ವನಜಾಕ್ಷಿ ಅಷ್ಟರಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಕಾರಿನ ಅಡಿ ನೋಡುತ್ತಿದ್ದಳು. ಹಿಂದಿನ ಗಾಲಿಯ ಹತ್ತಿರ ಮೂಗೊಡ್ಡಿ ವಾಸನೆ ಹಿಡಿದಳು. ಕೈ ಹಾಕಿ ಏನೋ ಒಂದೆಳೆ ಕಿತ್ತುಕೊಂಡು ಎದ್ದು ಕೂತು ಕೇಳಿದಳು: "ಜಗಳೂರು ದಾರೀಲಿ ಬಂದ್ರೇನ್ರಿ?"

ಸುದೀಪ ಬೆಚ್ಚಿದ. "ಹೌದ್ರಿ. ಅಲ್ಲೇ ತಾಂಡಾದಾಗ ನಮ್ಮ ದೊಡ್ಡಮ್ಮನ ಮನಿ ಐತಿ. ನಿಮಗ ಹೆಂಗ ಗೊತ್ತಾತು?"

"ಇದು ಹುರುಳಿ ಬಳ್ಳಿ. ರಸ್ತೆ ಮೇಲೆ ಹರವಿದ್ರಲ್ಲ, ಅದರ ಮೇಲೆ ಹಾಯಿಸ್ಕೊಂಡು ಬಂದೀರಿ."

ನಮ್ಮ ಬಯಲುಸೀಮೆಯಲ್ಲಿ ಈಗೀಗ ಕಣ ಮಾಡುವವರು ಕಡಿಮೆ. ಕಿತ್ತ ಹುರುಳಿಯನ್ನು ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಬೇಡವೆಂದು ಸರ್ಕಾರ ಹೇಳುತ್ತದೆ, ಬೈಕಿನವರು ಬೈಯುತ್ತಾರೆ, ಆದರೂ ಹರವುತ್ತಾರೆ. ಎತ್ತರದ ಗಾಡಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ತಗ್ಗಿನ ಗಾಡಿ ಹೋದರೆ ಬಳ್ಳಿಯೆಲ್ಲ ಅದರ ಹೊಟ್ಟೆಗೆ ತುಂಬಿಕೊಂಡು, ತಿರುಗುವ ಆ್ಯಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ.

"ಅಲ್ಲಿ ಜನ ಕೈ ಬೀಸಲಿಲ್ವಾ?" ವನಜಾಕ್ಷಿ ಕೇಳಿದಳು.

"ಬೀಸಿದ್ರಲ್ಲ! ಕಾರ್ ನೋಡಿ ಖುಷೀಲೆ ಎರಡೂ ಕೈಲೆ ಬೀಸಿದ್ರು. ನಾನೂ ಬೀಸಿದೆ."

"ಅಯ್ಯೋ ಶಿವನೇ. ನಿಲ್ಲಿಸು ಅಂತ ಬೀಸ್ಯಾರೆ ಕಣ್ರಿ ಅವ್ರು!"

ಜನ ಹೋ ಎಂದು ನಕ್ಕಿತು. ಸುದೀಪನ ಮುಖ ಕೆಂಪಾಯಿತು. ಊರ ತುಂಬ ಹೊಗಳಿಸಿಕೊಂಡು ಬಂದೆ ಎಂದುಕೊಂಡವನಿಗೆ ಇದು ಸಣ್ಣ ಪೆಟ್ಟಲ್ಲ. ಅವನು ಬಿರುಸಾಗಿ, "ಇರ್ಲಿ ಬಿಡ್ರಿ. ಗನ್ ಹೊಡೀರಿ, ಹೋಗ್ತೈತಿ" ಎಂದ.

"ಗನ್ ಹೊಡಿಯಾಕಿಲ್ಲ" ಎಂದಳು ವನಜಾಕ್ಷಿ. "ಹುರುಳಿ ಬಳ್ಳಿ ನೀರು ಕುಡಿದ್ರೆ ಹಗ್ಗ ಆಗ್ತೈತೆ, ಇನ್ನೂ ಬಿಗೀತೈತೆ. ಹೊರಗೆ ಹೊಳೀತೈತೆ, ಒಳಗೆ ಹಂಗೇ ಇರ್ತೈತೆ. ಮುಂದೆ ಒಣಗಿ ಕಾದ್ರೆ ಬೆಂಕಿ ಹತ್ತಾಕೆ ಎಷ್ಟೊತ್ತು? ಈಗ ಅಡಿಗೆಲ್ಲ ಕಾದೈತೆ, ತಣ್ಣೀರು ಬಿದ್ರೆ ಅದು ಬೇರೆ ಕೆಡ್ತೈತೆ. ಒಂದು ತಾಸು ಆರಬೇಕು. ಆಮೇಲೆ ಕೈಯಾಗೇ ಬಿಡಿಸ್ತೀನಿ, ಕೈಯಾಗೇ ತೊಳೀತೀನಿ."

ಸುದೀಪ ಅವಳ ಕಡೆ ನೋಡದೆ ತಿಮ್ಮೇಶನನ್ನೇ ಕೇಳಿದ: "ಏನ್ರಿ ಯಜಮಾನ್ರ, ನೀವರ ಹೇಳ್ರಿ."

ತಿಮ್ಮೇಶ ರಸ್ತೆಯ ಕಡೆ ನೋಡಿದ. ಮರುಳಸಿದ್ದಪ್ಪ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಅವರು ಬರುವ ಹೊತ್ತಿಗೆ ಇಂಥ ಕಾರು ಬೈದುಕೊಂಡು ಹೊರಟರೆ ಗತಿಯೇನು? "ಅವ್ರು ಹೇಳಿದಂಗೆ ಮಾಡಿ ಕಳಿಸು ವನಜ. ಇವತ್ತು ಬೇಡ" ಎಂದ ಮೆಲ್ಲಗೆ.

ಅವಳು ಅಂಗಿಯ ಧೂಳು ಕೊಡವಿಕೊಂಡು ಎದ್ದಳು. "ಇವತ್ತೊಂದಿನ ಹೆದರ್ಕೊಂಡು ತೊಳೆದ್ರೆ ನಾಳೆಯಿಂದ ಎಲ್ಲಾ ಗಾಡೀನೂ ಹೆದರ್ಕೊಂಡೇ ತೊಳೀಬೇಕಾಗ್ತೈತೆ. ನನ್ನ ಕೈಯಾಗೆ ಆಗಂಗಿಲ್ಲ. ಬೇಕಾದ್ರೆ ಅವ್ರು ಹಂಗೇ ಹೋಗ್ಲಿ. ಆದ್ರೆ ಆ ತಾಯೀನ ಇದ್ರಾಗೆ ಕೂರಿಸ್ಕೊಂಡು ಹೋಗೋದು ಬೇಡ."

ಸುದೀಪ ಕಾರಿನ ಬಾಗಿಲಿಗೆ ಕೈ ಹಾಕಿಯೇಬಿಟ್ಟಿದ್ದ. ಆಗ ಅವನ ತಾಯಿ ಬಾಯಿ ಬಿಟ್ಟರು. "ದಾವಣಗೆರೆ ದಾಟಿದಾಗಿಂದ ಸುಟ್ಟ ವಾಸನಿ ಬರಾಕತ್ತೈತಿ ಅಂದೆ. ಹೊಸಾ ಗಾಡಿ ವಾಸನಿ ಅಂದಿ. ಈಗ ಆಕಿ ಹೇಳಿದಂಗ ಕೇಳು. ಸೇವಾಲಾಲ ಎಲ್ಲೂ ಓಡಿ ಹೋಗಂಗಿಲ್ಲ." ಇಷ್ಟು ಹೇಳಿ ಅವರು ಸುತ್ತ ನೋಡಿದರು. ತಿಮ್ಮೇಶ ಎದ್ದು ತನ್ನ ಕುರ್ಚಿ ಕೊಟ್ಟ. ಅವರು ಅದರಲ್ಲಿ ಗಟ್ಟಿಯಾಗಿ ಕೂತರು. ಮಗನೂ ಬಾಗಿಲು ಬಿಟ್ಟ.

ಒಂದು ತಾಸು ಯಾರೂ ಕಾರಿಗೆ ಕೈ ಹಚ್ಚಲಿಲ್ಲ. ನಾನು, ಇವಳು ಈಗ ಅಡಿಗೆ ಕೈ ತೂರಿಸಿ ಕುಡುಗೋಲು ಹಾಕುತ್ತಾಳೆ, ಬ್ರೇಕಿನ ಪೈಪೋ ವೈರೋ ಕತ್ತರಿಸುತ್ತಾಳೆ, ಆಗ ನನ್ನನ್ನೇ ಕರೆಯುತ್ತಾಳೆ ಎಂದು ಕಾಯುತ್ತಾ ಚಹಾ ಕುಡಿದೆ. ಅವಳು ಕುಡುಗೋಲು ತರಲಿಲ್ಲ. ಚರಂಡಿ ಕಸ ಎಳೆಯುವ ಕಂಬಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಅದಕ್ಕೆ ಬಟ್ಟೆ ಸುತ್ತಿ ತಂದಳು.

"ಮುಂದಕ್ಕೆ ಓಡುವಾಗ ಸುತ್ತಿದ್ದು ಇದು" ಎಂದಳು ಸುದೀಪನಿಗೆ. "ಹಿಂದಕ್ಕೆ ತಿರುಗಿಸಿದ್ರೆ ತಾನೇ ಬಿಚ್ಕೊಂತೈತೆ. ಜಗಳೂರಾಗೆ ಟ್ರ್ಯಾಕ್ಟರಿನ ಶಾಫ್ಟಿಗೆ ಸುತ್ತಿದ್ರೆ ನಮ್ಮಪ್ಪ ಹಿಂಗೇ ಬಿಚ್ತಿದ್ದ. ಎಂಜಿನ್ ಬೇಡ. ನ್ಯೂಟ್ರಲ್ ಮಾಡ್ಕೊಂಡು ಬ್ರೇಕ್ ಮೇಲೆ ಕಾಲಿಟ್ಟು ಕೂತ್ಕೊಳ್ರಿ ನೀವು. ಉಳಿದೋರು ಟೈರಿಗೆ ಕೈ ಹಾಕಿ ಉರುಳಿಸ್ರಿ. ಕಾರಿನ ಮೈ ಯಾರೂ ಮುಟ್ಟಂಗಿಲ್ಲ, ಧೂಳಿನ ಮೇಲೆ ಕೈಯಿಟ್ರೆ ಗೀರು ಬೀಳ್ತೈತೆ."

ಟೈರು ಉರುಳಿಸಬೇಕಾದರೆ ಬಗ್ಗಬೇಕು. ಆ ಕಾರಿಗೆ ಬಗ್ಗಿದರೆ ಸಾಲದು, ಮೊಣಕಾಲೇ ಊರಬೇಕು. ಅಂಜಿನಪ್ಪ, ಬಸವರಾಜ್, ನಾನು, ಇನ್ನೂ ಮೂರು ಜನ ಊರಿದೆವು. ವನಜಾಕ್ಷಿ ಹಿಂದಿನ ಗಾಲಿಯ ಪಕ್ಕ ನೆಲಕ್ಕೆ ಒರಗಿ, ಕೊಕ್ಕೆಯಿಂದ ಬಳ್ಳಿಯ ತುದಿ ಹಿಡಿದು, "ಒಂದು ಗೇಣು ಹಿಂದಕ್ಕೆ… ಸಾಕು! ಬ್ರೇಕ್ ಹಿಡೀರಿ" ಎಂದಳು. ಬಳ್ಳಿ ಸಡಿಲವಾಗಿ ಸ್ವಲ್ಪ ಹೊರಗೆ ಬಂತು. ಇನ್ನೊಂದು ಗೇಣು ಉರುಳಿಸಿದೆವು. ಅಷ್ಟೇ ಬಳ್ಳಿ ಮತ್ತೆ ಬಂತು. ಅವಳು ಒಮ್ಮೆಯೂ ಜಗ್ಗಲಿಲ್ಲ, ಅವಸರ ಮಾಡಲಿಲ್ಲ. ಉಪಾಯ ಅಷ್ಟು ಸರಳವಾಗಿತ್ತು. ನನಗೆ ಹೊಳೆದಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹಾಗೆ ನಾವು ಊರಿಕೊಂಡಿದ್ದಾಗಲೇ ಮರುಳಸಿದ್ದಪ್ಪನವರ ಬೈಕು ಬಂದು ನಿಂತಿತು. ಅವರು ನೋಟ ನೋಡಿದವರೇ, "ಏನ್ ರಂಗ, ಈ ಕಾರನ್ನೂ ಕೆಡಿಸಿ ಇಟ್ಲಾ? ನೀನು ಹೇಳಿದ್ದೇ ನಿಜ ಆಯ್ತಲ್ಲೋ" ಎಂದರು.

ವನಜಾಕ್ಷಿ ನೆಲದಿಂದಲೇ ತಲೆಯೆತ್ತಿ ನನ್ನನ್ನು ನೋಡಿದಳು. ಅದೇ ಹೊತ್ತಿಗೆ ಬಳ್ಳಿಯ ಕೊನೆಯ ಸುತ್ತು ಬಿಚ್ಚಿ ಅವಳ ಕೈಗೆ ಬಂತು. ಒಳಗಿನದೆಲ್ಲ ಕಪ್ಪಗೆ ಸೀದು ಹೋಗಿತ್ತು. ನಾನು ಎದ್ದು ಆ ಕರಕಲನ್ನು ಅವಳ ಕೈಯಿಂದ ತೆಗೆದುಕೊಂಡು ಮರುಳಸಿದ್ದಪ್ಪನವರ ಅಂಗೈಯಲ್ಲಿ ಇಟ್ಟೆ. ಒಂದು ತಾಸು ಆರಿದ ಮೇಲೂ ಅದು ಬೆಚ್ಚಗಿತ್ತು.

"ಹೋದ ವಾರ ನಾನು ಹೇಳಿದ್ದು ತಪ್ಪು ಯಜಮಾನ್ರೇ" ಎಂದೆ. "ಇವತ್ತು ನನ್ನ ಮಾತು ಕೇಳಿ ಗನ್ ಹೊಡೆದು ಕಳಿಸಿದ್ರೆ, ಈ ತಾಯಿ ಮಗ ನ್ಯಾಮತಿ ದಾಟ್ತಿದ್ರೋ ಇಲ್ವೋ. ಸುಮ್ನೆ ನಿಂತು ನೋಡ್ರಿ."

ವನಜಾಕ್ಷಿ ಒಂದು ಒಣಬಟ್ಟೆ ನನ್ನ ಕಡೆ ಎಸೆದು, "ಮೊಣಕಾಲು ಒರೆಸ್ಕೊಳ್ರಿ ಅಣ್ಣಾ" ಎಂದಳು. ಬೈದಿದ್ದರೆ ವಾಸಿಯಿತ್ತು.

ಹೊರಬಂದ ಹುರುಳಿ ಬಳ್ಳಿ ಒಂದು ಮಂಕರಿಯಷ್ಟಾಯಿತು. ಸುದೀಪನ ತಾಯಿ ಅದನ್ನು ಒದರಿ, ಬಿದ್ದ ಒಂದು ಹಿಡಿ ಕಾಳನ್ನು ಸೆರಗಿಗೆ ಕಟ್ಟಿಕೊಂಡರು. ಇಷ್ಟು ದುಡ್ಡಿನ ಕಾರು ಇಷ್ಟಾದರೂ ದುಡಿಯಿತಲ್ಲ ಎಂದು ಅವರಿಗೆ ಸಮಾಧಾನ.

ಇನ್ನು ಮೈ ತೊಳೆಯುವುದು. ಗನ್ನನ್ನು ಅವಳು ಮುಟ್ಟಲೇ ಇಲ್ಲ. ಬರೀ ಪೈಪಿನ ನೀರನ್ನು ಕಾರಿನ ನೆತ್ತಿಯ ಮೇಲೆ ತೆಳ್ಳಗೆ ಬಿಟ್ಟಳು. "ಮಣ್ಣು ತಾನಾಗೇ ಇಳೀಬೇಕು. ಅದನ್ನ ಇಟ್ಕೊಂಡು ಉಜ್ಜಿದ್ರೆ ಮರ ಉಜ್ಜೋ ಉಪ್ಪುಕಾಗದ ಹಾಕಿ ಉಜ್ಜಿದಂಗೆ" ಎಂದಳು. ಕೆಂಪು ನೀರು ಹರಿದು ಹರಿದು ಕೊನೆಗೆ ತಿಳಿಯಾಯಿತು. ಆಮೇಲೆ ಎರಡು ಬಕೆಟ್ ಇಟ್ಟಳು. ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಬಟ್ಟೆ ಎಂದರೆ ಅವಳ ತಾಯಿ ಗಾದ್ರಮ್ಮನ ಹಳೇ ವಾಯಿಲ್ ಸೀರೆ. ಉಟ್ಟು ಉಟ್ಟು ಹತ್ತಿಯಷ್ಟು ಮೆತ್ತಗಾಗಿತ್ತು. ಬಟ್ಟೆ ಅದ್ದಿ ಅವಳು ಕಾರಿನ ಮೇಲೆ ಬಗ್ಗಿದಳು.

"ಅಕ್ಕಾರ, ತಡೀರಿ" ಎಂದ ಸುದೀಪ. "ಬಳಿ ತಾಗಿದ್ರ ಗೀರು ಬೀಳ್ತಾವ. ಬಳಿ ತೆಗೀರಿ."

ಗಂಡ ಎದುರಿಗಿರುವಾಗ ಹೆಂಗಸಿಗೆ ಗಾಜಿನ ಬಳೆ ತೆಗೆ ಎಂದರೆ ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಅವನ ತಾಯಿಯೇ "ಏ!" ಎಂದು ಗದರಿದರು. ಹುಡುಗ ನಾಲಿಗೆ ಕಚ್ಚಿಕೊಂಡ. ವನಜಾಕ್ಷಿ ಮಾತ್ರ ಸಿಟ್ಟಾಗಲಿಲ್ಲ. "ಅವ್ರು ಹೇಳಿದ್ದು ಸರಿ ಐತೆ. ಟ್ರ್ಯಾಕ್ಟರು ತೊಳೆಯುವಾಗ ಇದು ನೆನಪಾಗಲ್ಲ" ಎಂದು ತನ್ನ ಹಸಿರು ಬಳೆಗಳನ್ನು ನೋಡಿಕೊಂಡು ನಿಂತಳು. ತೆಗೆಯುವುದಕ್ಕೂ ಮನಸ್ಸಿಲ್ಲ, ಹಾಗೇ ತೊಳೆಯುವುದಕ್ಕೂ ಮನಸ್ಸಿಲ್ಲ.

ತಿಮ್ಮೇಶ ಕೋಲೂರಿಕೊಂಡು ಬಂದ. ಅದೇ ಸೀರೆಯಿಂದ ಎರಡು ಪಟ್ಟಿ ಹರಿದ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳ ಒಂದೊಂದೇ ಕೈಯನ್ನು ಹಿಡಿದು, ಮುಂಗೈಯಿಂದ ಮೊಣಕೈವರೆಗೆ ಬಳೆಗಳ ಮೇಲೆ ಪಟ್ಟಿ ಸುತ್ತಿ ಗಂಟು ಹಾಕಿದ. ಬೆಳಿಗ್ಗೆ "ಇವತ್ತು ಬೇಡ" ಎಂದವನು ಈಗ, "ಬಿಗಿ ಆಯ್ತಾ?" ಎಂದಷ್ಟೇ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ನಾನು ಬೇರೆ ಕಡೆ ನೋಡಿದೆ.

ಆಮೇಲೆ ಅವಳು ತೊಳೆದದ್ದನ್ನು ನೋಡಬೇಕಿತ್ತು. ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ, ಪ್ರತಿ ಸಲವೂ ಬಟ್ಟೆ ಜಾಲಿಸಿ. ಕಾರು ತಗ್ಗಿದ್ದಷ್ಟೂ ಅವಳೂ ತಗ್ಗಿದಳು, ಕೊನೆಕೊನೆಗೆ ಕೂತು, ಮಲಗಿ ತೊಳೆದಳು. ಆದರೆ ಅಲ್ಲಿ ನಿಂತವರಲ್ಲಿ ಯಾರಿಗೂ ಅವಳು ಚಿಕ್ಕವಳಾಗಿ ಕಾಣಲಿಲ್ಲ. ಹನ್ನೊಂದೂವರೆಗೆ ಹಳದಿ ಬಣ್ಣ ಕಣ್ಣು ಕುಕ್ಕಿತು. ಇವಳು ನಮ್ಮ ಹೊನ್ನಾಳಿಯವಳು, ನನ್ನ ಪಕ್ಕದ ಅಂಗಡಿಯವಳು ಎಂದು ರಸ್ತೆಯಲ್ಲಿ ಹೋಗುವ ಬಸ್ಸು ನಿಲ್ಲಿಸಿ ಹೇಳಬೇಕೆನಿಸಿತು. ಅಷ್ಟು ಹೆಮ್ಮೆಯಾಯಿತು ನನಗೆ.

ಸುದೀಪ ಕಾರಿನ ಸುತ್ತ ಎರಡು ಸುತ್ತು ಬಂದ. ಒಂದು ಗೀರಿಲ್ಲ. ಈ ಸಲ ಅವನು ಕುರ್ಚಿಯ ಕಡೆ ಹೋಗಲಿಲ್ಲ. ವನಜಾಕ್ಷಿಯ ಎದುರಿಗೇ ನಿಂತು, "ಅಕ್ಕಾರ, ಹೊಳ್ಳಿ ಹೋಗುವಾಗ ಯಾವ ದಾರೀಲೆ ಹೋಗ್ಲಿ?" ಎಂದ.

"ಇನ್ನೂ ಎರಡು ವಾರ ಜಗಳೂರು ರಸ್ತೆ ಬೇಡ್ರಿ, ಚಿತ್ರದುರ್ಗದ ಮೇಲೆ ಹೋಗ್ರಿ. ಮತ್ತೆ ಯಾರಾದ್ರೂ ಕೈ ಬೀಸಿದ್ರೆ ನಿಲ್ಲಿಸಿ ಕೇಳ್ರಿ."

ಅವನು ಈ ಸಲ ತಾನೇ ಮೊದಲು ನಕ್ಕ. ತಾಯಿಯನ್ನು ಮತ್ತೆ ಬಾವಿಗಿಳಿಸಿದಂತೆ ಇಳಿಸಿ ಕೂರಿಸಿಕೊಂಡು ಹೊರಟ.

ಮರುಳಸಿದ್ದಪ್ಪ ಅಷ್ಟು ಹೊತ್ತೂ ಬಿಸಿಲಲ್ಲೇ ನಿಂತಿದ್ದರು. ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಚನ್ನಗಿರಿಯೋನಿಗೆ ಇಲ್ಲ ಅಂತ ಹೇಳ್ತೀನಿ. ನಾಳೇನೇ ಹೊಸ ಪತ್ರ ಬರೆಸೋಣ. ಐದು ವರ್ಷಕ್ಕೆ ಹಾಕಲೇನೋ ತಿಮ್ಮೇಶ?" ಎಂದರು.

"ಹಾಕ್ರಿ ಯಜಮಾನ್ರೇ. ಆದ್ರೆ ನನ್ನ ಹೆಸರಿಗೆ ಬೇಡ. ಆಕೆ ಹೆಸರಿಗೆ ಬರೆಸ್ರಿ" ಎಂದ ತಿಮ್ಮೇಶ.

ಬಕೆಟ್ ಎತ್ತುತ್ತಿದ್ದ ವನಜಾಕ್ಷಿ ಅದನ್ನು ಕೆಳಗಿಟ್ಟಳು. ಬೆಳಿಗ್ಗೆಯಿಂದ ಯಾವುದಕ್ಕೂ ಅಂಜದವಳ ಮುಖದಲ್ಲಿ ಈಗ ಅಂಜಿಕೆ ಕಂಡಿತು. "ಯಾಕೆ? ನೀವೆಲ್ಲಿಗೆ ಹೊಂಟ್ರಿ?" ಎಂದು ಕೇಳಿದಳು.

"ಎಲ್ಲಿಗೂ ಹೋಗಲ್ಲ ಕಣೇ. ನಿನ್ನ ಹತ್ರ ಕೆಲಸಕ್ಕೆ ಸೇರ್ಕೊಂತೀನಿ."

ಅವಳು ನಲ್ಲಿಯ ಕಡೆ ತಿರುಗಿ ನಿಂತಳು. ಮುಖ ತೊಳೆದುಕೊಂಡು ತಿರುಗಿದವಳೇ ಗಂಡನಿಗೆ ಹೇಳಿದಳು:

"ಹಂಗಾದ್ರೆ ನಾಳೆ ಏಳಕ್ಕೆ ಬರ್ರಿ. ತಡ ಮಾಡಂಗಿಲ್ಲ."